ಗೃಧ್ರಸಿ: ಕಾಲೆತ್ತಿ ನೋಡುವ ಪರೀಕ್ಷೆಯ ಪೂರ್ವೋತ್ತರ

ಸೊಂಟ ಹಿಡಿದುಕೊಂಡಿತು, ಕತ್ತು ಉಳುಕಿತು ಎಂಬ ಮಾತು ಕೇಳಿಬಾರದ ಮನೆಯು ನಮ್ಮ ನಾಡಿನಲ್ಲಿ ಒಂದಾದರೂ ಇದ್ದೀತೆಂದು ನನಗೆ ತೋರುವುದಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಕಾಲು ಮುಂದಾಗಿ ಹುಟ್ಟಿದ ವೃದ್ಧೆಯೊಬ್ಬರಿದ್ದರು. ಅಂಥವರ ಪಾದವನ್ನು ಬೆನ್ನಿಗೆ ತಾಗಿಸಿಕೊಂಡರೆ ಉಳುಕು ಬಿಡುವುದೆಂಬ ನಂಬಿಕೆಯು ಜನರಲ್ಲಿ ಬಲವಾಗಿದ್ದುದರಿಂದ, ಬೆಳಗಿನ ಹೊತ್ತು ಅವರ ಜಗಲಿಯ ಮುಂದೆ ಸೊಂಟವನ್ನು ಅವುಚಿಕೊಂಡು ನಿಂತವರು ಇಬ್ಬರು ಮೂವರಾದರೂ ಇರುತ್ತಿದ್ದರು. ಅವರಲ್ಲಿ ಬಹುಮಂದಿಗೆ ಗುಣವಾಗುತ್ತಲೂ ಇತ್ತು. ಏಕೆಂದರೆ, ಸೊಂಟದ ನೋವುಗಳಲ್ಲಿ ಬಹುಪಾಲು ಏನು ಮಾಡಿದರೂ, ಏನನ್ನೂ ಮಾಡದೆ ಇದ್ದರೂ, ಕೆಲವು ವಾರಗಳಲ್ಲಿ ತಾವಾಗಿಯೇ ಶಮನವಾಗತಕ್ಕವು. ಆದಕಾರಣ ಆ ವೃದ್ಧೆಯ ಕೀರ್ತಿಗೆ ಎಂದೂ ಕುಂದು ಬರಲಿಲ್ಲ. ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕೆಂದು ಪ್ರಾರ್ಥಿಸುತ್ತೇನೆ. ಆಕೆಯ ಪಾದಕ್ಕೆ ದೊರೆತ ಕೀರ್ತಿಯೇ ಅನೇಕ ದೊಡ್ಡ ವೈದ್ಯರ ಚಿಕಿತ್ಸೆಗಳಿಗೂ ದೊರೆತುದುಂಟು.

ಬೆನ್ನಿನ ರೋಗಗಳೆಲ್ಲವನ್ನೂ ಕುರಿತು ಬರೆಯುವುದು ಒಂದು ಲೇಖನದಲ್ಲಿ ಆಗತಕ್ಕ ಕೆಲಸವಲ್ಲ. ಸೊಂಟದಲ್ಲಿ ಹುಟ್ಟಿ ಕಾಲಿನುದ್ದಕ್ಕೂ ಇಳಿಯುವ ಒಂದೇ ನೋವನ್ನು ಹಿಡಿದುಕೊಂಡು, ಅದರ ಮೂಲವನ್ನು ಮನುಷ್ಯರು ಹೇಗೆ ಹುಡುಕುತ್ತ ಬಂದರೆಂಬುದನ್ನು ಇಲ್ಲಿ ಹೇಳುವೆನು. ಇಂಗ್ಲಿಷ್ ವೈದ್ಯರು ಇದನ್ನು ಸಯಾಟಿಕಾ ಎನ್ನುವರು. ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಗೃಧ್ರಸೀ ಎಂದು ಹೆಸರು. ಗೃಧ್ರವೆಂದರೆ ಹದ್ದು, ರೋಗಿಯು ಒಂದು ಕಾಲನ್ನು ನೇರವಾಗಿ ಊರಲಾರದೆ, ಮೈಯನ್ನು ಓರೆಮಾಡಿಕೊಂಡು, ನೆಲದ ಮೇಲೆ ಕುಪ್ಪಳಿಸುವ ಹದ್ದಿನಂತೆ ನಡೆಯುವನಾದುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಈ ನೋವನ್ನು ಒಮ್ಮೆ ಉಂಡವನಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ.

ಚರಕಸಂಹಿತೆಯ ವಾತವ್ಯಾಧಿ ಪ್ರಕರಣದಲ್ಲಿ ಈ ನೋವು ಮೊದಲು ನಿತಂಬದಲ್ಲಿ ತೋರಿ, ಸೊಂಟ, ತೊಡೆ, ಮೊಣಕಾಲು, ಕಣಕಾಲು, ಪಾದ ಎಂಬ ಕ್ರಮದಿಂದ ಇಳಿಯುವುದೆಂದು ವರ್ಣಿತವಾಗಿದೆ. ಚುಚ್ಚುವಿಕೆ, ಬಿಗಿತ, ಅದುರುವಿಕೆಗಳನ್ನೂ ಅಲ್ಲಿ ಹೇಳಿದೆ. ಸುಶ್ರುತನು ಇನ್ನೊಂದು ಮಾತನ್ನು ಸೇರಿಸುವನು: ಹಿಮ್ಮಡಿಯಿಂದ ಮೇಲಕ್ಕೆ ಹೋಗುವ ಕಂಡರೆಯು ವಾತದಿಂದ ಪೀಡಿತವಾದಾಗ ರೋಗಿಯು ಕಾಲನ್ನು ಮೇಲಕ್ಕೆ ಎತ್ತಲಾರನು. ಕಂಡರೆಯೆಂದರೆ ಸ್ನಾಯುವಿನ ಹುರಿಯೋ ನರವೋ ಎಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವುಂಟು, ಅದು ಹಾಗಿರಲಿ. ಪಾಠಶಾಲೆಯಲ್ಲಿ ಇದನ್ನು ಓದಿದ ನಮ್ಮಂಥವರು, ಪಾಶ್ಚಾತ್ಯರ ಪರೀಕ್ಷೆಯನ್ನು ಸುಶ್ರುತನೇ ಮೊದಲು ಕಂಡುಹಿಡಿದನೆಂದು ಎದೆ ತಟ್ಟಿಕೊಂಡು ಹೇಳುವುದುಂಟು. ನಾನೂ ಹಿಂದೆ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಸುಶ್ರುತನು ಹೇಳಿದುದು ರೋಗಿಯಲ್ಲಿ ಕಾಣುವ ಲಕ್ಷಣವೇ ಹೊರತು, ವೈದ್ಯನು ತನ್ನ ಕೈಯಿಂದ ಕಾಲನ್ನೆತ್ತಿ ನೋವಿನ ಮೂಲವನ್ನು ವಿಚಾರಿಸತಕ್ಕ ವಿಧಾನವಲ್ಲ. ಆದರೆ ಕಾಲೆತ್ತುವುದಕ್ಕೂ ಈ ನೋವಿಗೂ ಸಂಬಂಧವುಂಟೆಂಬುದನ್ನು ಅಷ್ಟು ಹಿಂದೆ ಕಂಡ ಕಣ್ಣು ಸಾಮಾನ್ಯವಾದುದಲ್ಲ. ಚಿಕಿತ್ಸೆಯೆಂದರೆ ಬಸ್ತಿ, ಸಿರಾವೇಧ, ಅಗ್ನಿಕರ್ಮ ಎಂದು ಚರಕನ ಮತ.

ಗ್ರೀಕರ ಶಬ್ದವಾದ ಇಸ್ಕಿಯಾಸ್ ಎಂಬುದು ಚಪ್ಪೆಯ ಹೆಸರಿನಿಂದ ಬಂದುದು. ಆ ಹೆಸರೇ ಯೂರೋಪಿನ ವೈದ್ಯರನ್ನು ಬಹುಕಾಲ ದಾರಿ ತಪ್ಪಿಸಿತು. ನೋವಿರುವುದು ಚಪ್ಪೆಯ ಕೀಲಿನಲ್ಲಿ ಎಂದೇ ಅವರು ಎಣಿಸಿದ್ದರು. ಕ್ರಿ. ಶ. 1764ರಲ್ಲಿ ನೇಪಲ್ಸ್ ನಗರದ ಡೊಮೆನಿಕೊ ಕೊತುನ್ಯೊ ಎಂಬ ವೈದ್ಯನು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಕೀಲಿನ ನೋವು ಬೇರೆ, ನರದ ನೋವು ಬೇರೆ ಎಂದು ಇವೆರಡನ್ನೂ ಬಿಡಿಸಿ ತೋರಿಸಿದನು. ಈ ರೋಗವನ್ನು ಬಹುಕಾಲದವರೆಗೆ ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಬೆನ್ನುಹುರಿಯ ಸುತ್ತ ಒಂದು ದ್ರವವಿರುವುದೆಂಬುದನ್ನೂ ಅವನೇ ಶವಪರೀಕ್ಷೆಯಿಂದ ಕಂಡುಕೊಂಡು, ಆ ದ್ರವವು ನರದ ಕೋಶದಲ್ಲಿ ಹೆಚ್ಚಾಗುವುದೇ ನೋವಿಗೆ ಕಾರಣವೆಂದು ಊಹಿಸಿದನು. ಊಹೆ ನಿಲ್ಲಲಿಲ್ಲ, ನರವೆಂದು ಬೆರಳಿಟ್ಟು ತೋರಿಸಿದುದು ನಿಂತಿತು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮನುಷ್ಯನ ಪ್ರಸ್ತಾಪ. ಇಂದು ಯಾವ ಆಸ್ಪತ್ರೆಗೆ ಹೋದರೂ, ಕಾಲು ನೋವೆಂದವನನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದಂತೆ ಒಂದು ಕೈಯಿಂದ ಒತ್ತಿ, ಇನ್ನೊಂದು ಕೈಯಿಂದ ಹಿಮ್ಮಡಿಯನ್ನು ಹಿಡಿದು ಕಾಲನ್ನು ಮೆಲ್ಲಗೆ ಮೇಲಕ್ಕೆ ಎತ್ತುವರು. ಸುಮಾರು 30ರಿಂದ 70 ಅಂಶಗಳ ಕೋನದೊಳಗೆ ನೋವು ಮೊಣಕಾಲಿನಿಂದ ಕೆಳಗೂ ಮಿಂಚಿನಂತೆ ಹರಿದರೆ, ಸೊಂಟದಿಂದ ಹೊರಡುವ ನರದ ಬೇರಿಗೆ ಉಪದ್ರವವಿದೆಯೆಂದು ಶಂಕಿಸುವರು. ಇದಕ್ಕೆ ಪಠ್ಯಪುಸ್ತಕಗಳಲ್ಲಿ ಪ್ಯಾರಿಸ್ ನಗರದ ಪ್ರಸಿದ್ಧ ವೈದ್ಯ ಲಾಸೇಗನ ಹೆಸರನ್ನು ಇಟ್ಟಿರುವರು. ಲಾಸೇಗನು 1864ರಲ್ಲಿ ಸಯಾಟಿಕಾ ರೋಗದ ಮೇಲೆ ಬರೆದ ಲೇಖನದಲ್ಲಾದರೋ ಈ ಪರೀಕ್ಷೆಯ ವರ್ಣನೆಯಿಲ್ಲ. ಅವನ ಶಿಷ್ಯನಾದ ಫೋರ್ಸ್ಟ್ ಎಂಬವನು 1881ರ ತನ್ನ ಪ್ರಬಂಧದಲ್ಲಿ ಇದನ್ನು ವರ್ಣಿಸಿ ಗುರುವಿನ ಹೆಸರನ್ನು ಅದಕ್ಕೆ ಅಂಟಿಸಿದನು. ಅಷ್ಟೇ ಅಲ್ಲ, ಕಾಲನ್ನೆತ್ತಿದಾಗ ತೊಡೆಯ ಸ್ನಾಯುಗಳು ನರವನ್ನು ಹಿಸುಕುವುದರಿಂದ ನೋಯುವುದೆಂದು ತಪ್ಪು ಕಾರಣವನ್ನೂ ಹೇಳಿದನು.

ಅದಕ್ಕೆ ಒಂದು ವರ್ಷ ಮೊದಲು, 1880ರಲ್ಲಿ, ಬೆಲ್‌ಗ್ರೇಡ್ ನಗರದ ಲಾಜಾ ಲಾಜಾರೆವಿಚ್ ಎಂಬ ತರುಣ ವೈದ್ಯನು ಸರ್ಬಿಯಾ ದೇಶದ ವೈದ್ಯಪತ್ರಿಕೆಯಲ್ಲಿ ಸರ್ಬಿಯನ್ ಭಾಷೆಯಲ್ಲಿಯೇ ಒಂದು ಲೇಖನವನ್ನು ಬರೆದಿದ್ದನು. ಆರು ಮಂದಿ ರೋಗಿಗಳನ್ನು ಪರೀಕ್ಷಿಸಿ, ಮೊಣಕಾಲನ್ನು ನೇರವಾಗಿಟ್ಟು ಕಾಲನ್ನೆತ್ತಿದಾಗ ಆ ಉದ್ದನೆಯ ನರವು ಎಳೆಯಲ್ಪಡುವುದೆಂದೂ, ಆ ಎಳೆತವೇ ನೋವನ್ನು ಹುಟ್ಟಿಸುವುದೆಂದೂ ಅವನು ವಿವರಿಸಿದನು. ನಿಂತವನು ಮೊಣಕಾಲು ಮಡಿಸದೆ ಮುಂದಕ್ಕೆ ಬಾಗಿದರೂ, ಮಲಗಿದವನು ಕಾಲು ಚಾಚಿಕೊಂಡೇ ಎದ್ದು ಕುಳಿತರೂ ಇದೇ ನೋವು ಬರುವುದನ್ನು ಹೋಲಿಸಿ ತೋರಿಸಿದನು. ಇಂದಿನ ಶಾಸ್ತ್ರವು ಒಪ್ಪಿರುವುದು ಇವನ ವಿವರಣೆಯನ್ನೇ. ಆದರೆ ಸರ್ಬಿಯನ್ ಭಾಷೆಯನ್ನು ಪ್ಯಾರಿಸ್ಸಿನಲ್ಲಿ ಓದುವವರು ಯಾರು? 1884ರಲ್ಲಿ ಅದು ವಿಯೆನ್ನದ ಪತ್ರಿಕೆಯೊಂದರಲ್ಲಿ ಜರ್ಮನ್ ಭಾಷೆಯಲ್ಲಿ ಬರುವಷ್ಟರೊಳಗೆ ಹೆಸರು ಬೇರೆಯವರ ಪಾಲಾಗಿ ಹೋಗಿತ್ತು.

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ವೈದ್ಯನೊಬ್ಬನ ಕಥೆಯನ್ನು ಇಷ್ಟು ಬೆಳೆಸುವುದಕ್ಕೆ ಕಾರಣವುಂಟು. ಈ ಲಾಜಾರೆವಿಚ್ ತನ್ನ ನಾಡಿನಲ್ಲಿ ಪ್ರಖ್ಯಾತನಾಗಿರುವುದು ವೈದ್ಯನೆಂದಲ್ಲ, ಕಥೆಗಾರನೆಂದು. 1851ರಲ್ಲಿ ಶಾಬಾತ್ಸ್ ಎಂಬ ಊರಿನಲ್ಲಿ ಹುಟ್ಟಿ, ಮೊದಲು ಕಾನೂನನ್ನು ಓದಿ, ಅನಂತರ ಬರ್ಲಿನ್ನಿನಲ್ಲಿ ವೈದ್ಯವನ್ನು ಕಲಿತು 1879ರಲ್ಲಿ ಪದವೀಧರನಾದನು. ಅದೇ ವರ್ಷದಲ್ಲಿ ಅವನ ಪ್ರಸಿದ್ಧವಾದ ಕಥೆಯೊಂದು ಬೆಳಕಿಗೆ ಬಂದಿತು. ತಂದೆಯೊಡನೆ ಮೊದಲ ಸಲ ಬೆಳಗಿನ ಪ್ರಾರ್ಥನೆಗೆ ಹೋದ ಬಾಲಕನ ಕಥೆಯದು. ಜೂಜಿನಲ್ಲಿ ಮನೆಮಾರನ್ನು ಕಳೆದುಕೊಂಡ ತಂದೆಯನ್ನು ತಾಯಿಯು ಸಾವಿನ ಬಾಯಿಂದ ಹಿಂದಕ್ಕೆ ಕರೆತರುವ ಪ್ರಸಂಗವನ್ನು ಮಗುವಿನ ಕಣ್ಣಿನಿಂದ ನೋಡಿ ಹೇಳಿರುವನು. ಕೆಲವೇ ಕಥೆಗಳನ್ನು ಬರೆದು, ನಲವತ್ತು ತುಂಬುವ ಮೊದಲೇ, 1891ರ ಜನವರಿಯಲ್ಲಿ ತೀರಿಕೊಂಡನು. ಸಣ್ಣ ಭಾಷೆಯಲ್ಲಿ ಬರೆದವನ ಕಥೆಯನ್ನು ಅವನ ಜನ ಉಳಿಸಿಕೊಂಡರು. ಅವನ ಶಾಸ್ತ್ರವನ್ನು ಲೋಕವು ಬೇರೆ ಹೆಸರಿನಲ್ಲಿ ಇಟ್ಟುಕೊಂಡಿತು. ಸರ್ಬಿಯಾದವರು ಇಂದಿಗೂ ಆ ಪರೀಕ್ಷೆಯನ್ನು ಲಾಜಾರೆವಿಚ್ಚನ ಚಿಹ್ನೆಯೆಂದೇ ಕರೆಯುವರು.

ನರವು ಎಳೆಯಲ್ಪಡುವುದು ಸರಿ. ಆದರೆ ನರವನ್ನು ಬೇರಿನಲ್ಲಿ ಒತ್ತುತ್ತಿರುವುದು ಯಾವುದು? ಈ ಪ್ರಶ್ನೆಗೆ ಇನ್ನೂ ಅರ್ಧ ಶತಮಾನ ಉತ್ತರ ಸಿಕ್ಕಲಿಲ್ಲ. ಬೆನ್ನುಮಣಿಗಳ ನಡುವೆ ಮೆತ್ತೆಗಳಂತಿರುವ 23 ಬಿಲ್ಲೆಗಳುಂಟು. ಇವೇ ಈಗ ಮನೆಮಾತಾಗಿರುವ ಡಿಸ್ಕುಗಳು. ಇವನ್ನು 1543ರಷ್ಟು ಹಿಂದೆಯೇ ವೆಸೇಲಿಯಸ್ ಎಂಬ ಶಾರೀರಶಾಸ್ತ್ರಜ್ಞನು ವರ್ಣಿಸಿದ್ದನು. 1909ರಲ್ಲಿ ಬರ್ಲಿನ್ನಿನ ಓಪನ್‌ಹೈಮ್ ಮತ್ತು ಕ್ರೌಸೆ ಎಂಬವರು ರೋಗಿಯೊಬ್ಬನ ಬೆನ್ನನ್ನು ತೆರೆದು, ನರವನ್ನು ಒತ್ತುತ್ತಿದ್ದ ಒಂದು ತುಣುಕನ್ನು ತೆಗೆದರು, ರೋಗಿಗೆ ಗುಣವಾಯಿತು. ಆದರೆ ತಮ್ಮ ಕೈಯಲ್ಲಿದ್ದುದು ಡಿಸ್ಕಿನ ತುಣುಕೆಂದು ಅವರಿಗೆ ತೋಚಲಿಲ್ಲ. ಮೃದ್ವಸ್ಥಿಯ ಗೆಡ್ಡೆಯೆಂದೇ ಬರೆದಿಟ್ಟರು. ಅನಂತರವೂ ಅನೇಕ ಶಸ್ತ್ರವೈದ್ಯರು ಹಾಗೆಯೇ ತೆಗೆದರು, ಹಾಗೆಯೇ ಬರೆದರು. ಕಣ್ಣೆದುರಿನಲ್ಲಿರುವುದಕ್ಕೆ ಹಳೆಯ ಹೆಸರೊಂದು ಸಿದ್ಧವಾಗಿದ್ದರೆ ಯಾರೂ ಎರಡನೆಯ ಸಲ ನೋಡುವುದಿಲ್ಲವಷ್ಟೆ! ಡ್ರೆಸ್ಡೆನ್ ನಗರದ ಶ್ಮೋರ್ಲ್ ಎಂಬವನು ಸಾವಿರಾರು ಶವಗಳ ಬೆನ್ನೆಲುಬನ್ನು ಸೀಳಿ ನೋಡಿ ಡಿಸ್ಕುಗಳು ಬಿರಿಯುವುದನ್ನು ದಾಖಲೆ ಮಾಡಿದ ಮೇಲೆ, ಅಮೆರಿಕೆಯ ಬಾಸ್ಟನ್ನಿನಲ್ಲಿ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಹಿಂದೆ ಗೆಡ್ಡೆಯೆಂದು ತೆಗೆದಿಟ್ಟಿದ್ದ ತುಣುಕುಗಳನ್ನು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವುಗಳಲ್ಲಿ ಬಹಳಷ್ಟು ಡಿಸ್ಕಿನ ತುಣುಕುಗಳೇ ಆಗಿದ್ದವು! 1934ರಲ್ಲಿ ಅವರ ಲೇಖನವು ಪ್ರಕಟವಾಯಿತು. ಗೃಧ್ರಸಿಯ ಮೂಲವು ಬಹುಮಟ್ಟಿಗೆ ಸಿಕ್ಕಿತು.

ಡಿಸ್ಕು ಜಾರಿತು ಎಂದು ನಾವೆಲ್ಲರೂ ಆಡುವ ಮಾತು ಸರಿಯಲ್ಲ. ಅದು ಮೇಲಣ ಕೆಳಗಣ ಮಣಿಗಳಿಗೆ ಭದ್ರವಾಗಿ ಅಂಟಿಕೊಂಡಿರುವುದು, ಎಲ್ಲಿಗೂ ಜಾರುವುದಿಲ್ಲ. ಕಣಕ ಬಿರಿದು ಹೂರಣ ಹೊರಗೆ ಇಣುಕಿದ ಕಡುಬಿನಂತೆ, ಅದರ ಗಟ್ಟಿಯಾದ ಹೊರಬಳೆಯು ಸೀಳಿ ಒಳಗಿನ ಮೆದುವಾದ ಪದಾರ್ಥವು ಹೊರಬಂದು ನರದ ಬೇರಿಗೆ ತಾಗುವುದು. ಜಾರಿತು ಎಂಬ ಶಬ್ದದಿಂದ ಆದ ಹಾನಿ ಸ್ವಲ್ಪವಲ್ಲ. ಜಾರಿದುದನ್ನು ಸ್ವಸ್ಥಾನಕ್ಕೆ ತಳ್ಳುತ್ತೇನೆಂದು ಬೆನ್ನನ್ನು ತುಳಿಯುವವರೂ, ಇನ್ನೂ ಜಾರೀತೆಂದು ಹೆದರಿ ಹಾಸಿಗೆ ಬಿಟ್ಟೇಳದವರೂ ಇದರಿಂದಲೇ ಹುಟ್ಟಿಕೊಂಡರು.

ಹಾಸಿಗೆಯ ಮಾತು ಬಂದುದರಿಂದ ನನ್ನ ಸ್ವಂತ ಅನುಭವವನ್ನು ಹೇಳಬೇಕಾಗಿದೆ. 1985ರಲ್ಲಿ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಶಾಲೆಯ ಪುಸ್ತಕದ ಪೆಟ್ಟಿಗೆಯನ್ನು ಎತ್ತುವಾಗ ಸೊಂಟದಲ್ಲಿ ಏನೋ ಸಿಡಿದಂತಾಗಿ ಎಡಗಾಲಿನುದ್ದಕ್ಕೂ ಬೆಂಕಿ ಹರಿಯಿತು. ಹತ್ತಿರದ ಪಟ್ಟಣದ ವೈದ್ಯರೊಬ್ಬರು ಎಕ್ಸ್‌ರೇ ತೆಗೆಸಿ, ಮರದ ಹಲಗೆಯ ಮೇಲೆ ಮಲಗಿಸಿ, ಕಾಲಿಗೆ ತೂಕ ಕಟ್ಟಿ, ಆರು ವಾರ ಅಲ್ಲಾಡಕೂಡದೆಂದು ವಿಧಿಸಿದರು. ಎದ್ದರೆ ಕಾಲು ಬಿದ್ದುಹೋಗುವುದೆಂದೂ ಹೇಳಿದರು. ನನ್ನ ತಾಯಿ ಆ ಆರು ವಾರವೂ ನನಗೆ ಮಲಗಿದಲ್ಲಿಯೇ ಅನ್ನ ತಿನ್ನಿಸಿದರು. ಎದ್ದಾಗ ನೋವು ಕಡಮೆಯಾಗಿತ್ತು. ಆದರೆ ತೊಡೆಗಳು ಸೊರಗಿ, ನಡೆಯುವ ಧೈರ್ಯವೇ ಹೋಗಿ, ಮತ್ತೆ ಹಲಗೆಯ ಮುಂದೆ ನಿಂತು ಪಾಠ ಹೇಳುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಸಂಬಳವಿಲ್ಲದ ರಜೆಯಾದುದರಿಂದ ತಂಗಿಯ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಆ ವೈದ್ಯರನ್ನು ನಾನು ದೂರುವುದಿಲ್ಲ. ಅಂದು ಎಲ್ಲೆಲ್ಲಿಯೂ ನಡೆಯುತ್ತಿದ್ದ ಕ್ರಮವೇ ಅದು. ವಿಶ್ರಾಂತಿಯೇ ಪರಮೌಷಧವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಹಿಲ್ಟನ್, ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಮೊದಲಾದವರು ಕಲಿಸಿದುದನ್ನು ಮುಂದಿನವರು ವೇದವಾಕ್ಯವೆಂದು ನಡೆಸಿಕೊಂಡು ಬಂದಿದ್ದರು.

ವಿಚಿತ್ರವೇನೆಂದರೆ, ನಾನು ಎದ್ದು ಓಡಾಡತೊಡಗಿದ ಮರುವರ್ಷವೇ, 1986ರಲ್ಲಿ, ಅಮೆರಿಕೆಯ ಡೇಯೊ ಮತ್ತು ಸಂಗಡಿಗರು 203 ಮಂದಿ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಿರುವಂತೆ ಹೇಳಿ ನೋಡಿದ ಪರೀಕ್ಷೆಯು ಪ್ರಕಟವಾಯಿತು. ನೋವು ಇಬ್ಬರಿಗೂ ಒಂದೇ ತೆರನಾಗಿ ಇಳಿಯಿತು. ಎರಡೇ ದಿನ ಮಲಗಿದವರು ಕೆಲಸ ತಪ್ಪಿಸಿಕೊಂಡ ದಿನಗಳು ಮಾತ್ರ ಶೇಕಡ 45ರಷ್ಟು ಕಡಮೆ. 1995ರಲ್ಲಿ ಹೆಲ್ಸಿಂಕಿ ನಗರದ ನೌಕರರಲ್ಲಿ ನಡೆದ ಪರೀಕ್ಷೆಯಲ್ಲಿ, ಮಲಗಿದವರಿಗಿಂತಲೂ ವಿಶೇಷ ವ್ಯಾಯಾಮ ಮಾಡಿದವರಿಗಿಂತಲೂ, ನೋವು ತಡೆದಷ್ಟರ ಮಟ್ಟಿಗೆ ನಿತ್ಯದ ಕೆಲಸವನ್ನು ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು. ಅದು ಬರಿಯ ಸೊಂಟ ನೋವು, ಗೃಧ್ರಸಿಯಲ್ಲ ಎನ್ನುವವರಿಗೆ 1999ರಲ್ಲಿ ಹಾಲೆಂಡಿನಿಂದ ಉತ್ತರ ಬಂದಿತು: ಕಾಲಿಗೆ ಇಳಿದ ನೋವಿನ 183 ಮಂದಿಯಲ್ಲಿಯೂ ಹಾಸಿಗೆಯಿಂದ ಯಾವ ಹೆಚ್ಚಿನ ಪ್ರಯೋಜನವೂ ಕಾಣಲಿಲ್ಲ. ಆರು ವಾರದ ಹಲಗೆಯನ್ನು ನೆನೆದು ನಾನು ಆ ಸಂಖ್ಯೆಗಳನ್ನು ಎರಡು ಸಲ ಓದಿದೆನು.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿಯೂ ಇಂಥದೇ ಲೆಕ್ಕವನ್ನು ನಾರ್ವೆ ದೇಶದ ವೇಬರ್ ಎಂಬವನು 1983ರಲ್ಲಿ ಕೊಟ್ಟನು. ಶಸ್ತ್ರಕ್ಕೆ ಒಳಗಾದವರು ಒಂದು ವರ್ಷದ ಕೊನೆಯಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ಮೇಲಾಗಿದ್ದರು. ನಾಲ್ಕನೆಯ ವರ್ಷದ ಹೊತ್ತಿಗೆ ಆ ಅಂತರವು ಬಹುಮಟ್ಟಿಗೆ ಅಳಿದಿತ್ತು. ಅಂದರೆ ಕತ್ತಿಯು ನೋವಿನ ಕಾಲವನ್ನು ಕಡಮೆಮಾಡುವುದು ನಿಜ, ಕಾಯಬಲ್ಲವನಿಗೆ ದೇಹವೂ ತನ್ನ ಕೆಲಸವನ್ನು ಮಾಡುವುದು ನಿಜ. ಹೊರಬಂದ ಡಿಸ್ಕಿನ ತುಣುಕನ್ನು ದೇಹವೇ ಅನೇಕ ವೇಳೆ ಕರಗಿಸಿಬಿಡುವುದೆಂದು ಈಗ ಚಿತ್ರಗಳಿಂದ ಗೊತ್ತಾಗಿದೆ.

ಈ ಚಿತ್ರಗಳ ಕಥೆಯನ್ನು ಚಿಕ್ಕದಾಗಿ ಹೇಳುವೆನು. 1895ರಲ್ಲಿ ರಾಂಟ್‌ಜೆನ್ನನು ಕಂಡ ಕಿರಣಗಳು ಮೂಳೆಯನ್ನು ತೋರಿದವೇ ಹೊರತು ಡಿಸ್ಕನ್ನೂ ನರವನ್ನೂ ತೋರಲಿಲ್ಲ. ನನ್ನ ಎಕ್ಸ್‌ರೇಯಿಂದ ಆ ವೈದ್ಯರಿಗೆ ಏನೂ ತಿಳಿದಿರಲಾರದು. 1971ರಲ್ಲಿ ಸಿ.ಟಿ. ಯಂತ್ರವೂ, 1977ರಲ್ಲಿ ಮನುಷ್ಯದೇಹದ ಮೊದಲ ಎಂ.ಆರ್.ಐ. ಚಿತ್ರವೂ ಬಂದವು. ಇನ್ನು ಮುಚ್ಚುಮರೆ ಏನೂ ಇಲ್ಲವೆಂದು ಎಲ್ಲರೂ ಎಣಿಸಿದರು. ಅಷ್ಟರಲ್ಲಿ 1994ರಲ್ಲಿ ಕೆಲವರು ಒಂದು ಸರಳವಾದ ಕೆಲಸ ಮಾಡಿದರು. ಬೆನ್ನುನೋವೇ ಇಲ್ಲದ 98 ಮಂದಿಯನ್ನು ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದರು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇಕಡ 36 ಮಾತ್ರ! ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಾದರೂ ಡಿಸ್ಕು ಉಬ್ಬಿತ್ತು. ಶೇಕಡ 27ರಷ್ಟು ಜನಕ್ಕೆ ಮುಂದೆ ಚಾಚಿಕೊಂಡಿತ್ತು. ಅವರೆಲ್ಲರೂ ಆರಾಮವಾಗಿ ಓಡಾಡಿಕೊಂಡಿದ್ದವರು. 2015ರಲ್ಲಿ ಇಂಥ ಅನೇಕ ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ, ನೋವಿಲ್ಲದ ಎಂಬತ್ತು ವರ್ಷದವರಲ್ಲಿ ಶೇಕಡ 96 ಜನರ ಡಿಸ್ಕು ಸವೆದಿರುವುದು ತಿಳಿಯಿತು. ತಲೆ ನರೆಯುವಂತೆಯೇ ಬೆನ್ನೂ ನರೆಯುವುದು. ನರೆಯನ್ನು ಯಾರೂ ರೋಗವೆನ್ನುವುದಿಲ್ಲ. ಆದುದರಿಂದ ಚಿತ್ರದಲ್ಲಿ ಕಂಡುದೆಲ್ಲವೂ ನೋವಿಗೆ ಕಾರಣವಲ್ಲ. ಕಾಲೆತ್ತಿದಾಗ ನೋಯುವ ನರವೂ, ಚಿತ್ರದಲ್ಲಿ ಒತ್ತಲ್ಪಟ್ಟಿರುವ ನರವೂ ಒಂದೇ ಆದಾಗ ಮಾತ್ರ ಚಿತ್ರವು ಸಾಕ್ಷಿಯಾಗುವುದು.

ಕತ್ತಿನ ವಿಷಯವೂ ಹೀಗೆಯೇ. ಕೈಬೆರಳುಗಳವರೆಗೆ ಹರಿಯುವ ನೋವನ್ನು ಸುಶ್ರುತನು ವಿಶ್ವಾಚೀ ಎಂಬ ಹೆಸರಿನಿಂದ ಗೃಧ್ರಸಿಯ ಜೊತೆಯಲ್ಲಿಯೇ ಹೇಳಿರುವನು. 1944ರಲ್ಲಿ ಸ್ಪರ್ಲಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯನು, ತಲೆಯನ್ನು ನೋವಿರುವ ಕಡೆಗೆ ವಾಲಿಸಿ ನೆತ್ತಿಯ ಮೇಲೆ ಒತ್ತಿದರೆ ತೋಳಿನಲ್ಲಿ ನೋವು ಹರಿಯುವುದೆಂದು ತೋರಿಸಿದನು. ಕಾಲಿಗೆ ಲಾಜಾರೆವಿಚ್ಚನ ಪರೀಕ್ಷೆ ಹೇಗೋ ಕೈಗೆ ಇದು ಹಾಗೆ.

ಕಾಯಬಹುದು, ನಡೆಯಬಹುದು ಎಂದು ಬರೆದುದರಿಂದ ಯಾರಾದರೂ ಕಾಯಬಾರದ ಕಡೆ ಕಾದಾರೆಂಬ ಭಯ ನನಗಿದೆ. ಮೂತ್ರ ಕಟ್ಟಿಕೊಂಡರೆ ಅಥವಾ ತಾನಾಗಿ ಹೋದರೆ, ಕುದುರೆಯ ಜೀನು ತಾಗುವ ಭಾಗದಲ್ಲಿ ಸ್ಪರ್ಶ ತಪ್ಪಿದರೆ, ಪಾದವು ಜೋತುಬಿದ್ದರೆ, ಅದು ಆ ದಿನವೇ ಆಸ್ಪತ್ರೆಗೆ ಓಡತಕ್ಕ ಪ್ರಸಂಗ. ರಾತ್ರಿಯ ನೋವಿನೊಡನೆ ಜ್ವರ, ಮೈ ಇಳಿಯುವುದು ಕಂಡರೆ ಕ್ಷಯವನ್ನು ನೆನೆಯಬೇಕು. 1779ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು ಬೆನ್ನು ಗೂನಾಗಿ ಕಾಲುಗಳು ಬಿದ್ದುಹೋಗುವ ರೋಗವೆಂದು ವರ್ಣಿಸಿದುದು ಬೆನ್ನುಮೂಳೆಯ ಕ್ಷಯವನ್ನೇ. ನಮ್ಮ ದೇಶದಲ್ಲಿ ಅದು ಇನ್ನೂ ಹೋಗಿಲ್ಲ. ಅದರ ಚಿಕಿತ್ಸೆಯಲ್ಲಿಯೂ ಹಾಸಿಗೆಯು ಸೋತ ಕಥೆಯೊಂದಿದೆ. ಒಂದು ಕಾಲದಲ್ಲಿ ಈ ರೋಗಿಗಳನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ, ಮಲಗಿಸಿಯೇ ಇಡುತ್ತಿದ್ದರು. ಕೊರಿಯಾದ ಮಾಸಾನ್ ನಗರದಲ್ಲಿ, ಔಷಧವನ್ನು ಕೊಟ್ಟು ಕೆಲವರನ್ನು ಆರು ತಿಂಗಳು ಆಸ್ಪತ್ರೆಯಲ್ಲಿ ಮಲಗಿಸಿ, ಉಳಿದವರನ್ನು ಮನೆಗೆ ಕಳುಹಿಸಿ ನಡೆದಾಡಲು ಬಿಟ್ಟು ನೋಡಿದರು. 1970ರ ದಶಕದಲ್ಲಿ ಹೊರಬಂದ ಫಲಿತಾಂಶದಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. ಗುಣಮಾಡಿದುದು ಔಷಧ, ಹಾಸಿಗೆಯಲ್ಲ.

ಹೋದ ವರ್ಷ ನನ್ನ ಹಳೆಯ ಶಿಷ್ಯನೊಬ್ಬನು, ಕಿರಾಣಿ ಅಂಗಡಿಯವನು, ದೊಡ್ಡ ಲಕೋಟೆಯೊಂದನ್ನು ಹಿಡಿದುಕೊಂಡು ಹದ್ದಿನ ನಡಿಗೆಯಲ್ಲಿಯೇ ನಮ್ಮ ಮನೆಗೆ ಬಂದನು. ಎಂ.ಆರ್.ಐ. ವರದಿಯಲ್ಲಿ ಮೂರು ಡಿಸ್ಕುಗಳ ಹೆಸರನ್ನು ಬರೆದಿತ್ತು. ಅಂಗಡಿಯನ್ನು ಅಡವಿಟ್ಟು ಶಸ್ತ್ರಕ್ಕೆ ಹಣ ಹೊಂದಿಸಬೇಕೆಂದು ನಿಶ್ಚಯಿಸಿದ್ದನು. ನಾನು ಅವನೊಡನೆ ಬೇರೊಬ್ಬ ವೈದ್ಯರಲ್ಲಿಗೆ ಹೋದೆನು. ಅವರು ಲಕೋಟೆಯನ್ನು ಮೇಜಿನ ಮೇಲೆ ಇಟ್ಟು, ಮೊದಲು ಇವನನ್ನು ಹಿಮ್ಮಡಿಯ ಮೇಲೂ ತುದಿಗಾಲಿನ ಮೇಲೂ ನಡೆಯಿಸಿದರು. ಹೆಬ್ಬೆರಳನ್ನು ಮೇಲಕ್ಕೆ ಎತ್ತೆಂದು ಹೇಳಿ ಅದನ್ನು ಒತ್ತಿ ನೋಡಿದರು. ಮೂತ್ರದ ವಿಷಯ ಕೇಳಿದರು. ಮಲಗಿಸಿ ಬಲಗಾಲನ್ನೆತ್ತಿದರು, ಅವನು ಹಲ್ಲು ಕಚ್ಚಿದನು. ಆಮೇಲೆ ಚಿತ್ರವನ್ನು ಬೆಳಕಿಗೆ ಹಿಡಿದು, ಮೂರರಲ್ಲಿ ಒಂದನ್ನು ಬೆರಳಿನಿಂದ ತೋರಿಸಿ, "ತೊಂದರೆ ಇದರದು ಮಾತ್ರ. ಬೆರಳಿಗೆ ಶಕ್ತಿ ಇದೆ. ಆರು ವಾರ ನೋಡೋಣ, ನಾಳೆಯಿಂದ ಅಂಗಡಿಗೆ ಹೋಗಿ, ಮೂಟೆ ಮಾತ್ರ ಎತ್ತಬೇಡಿ" ಎಂದರು.

ಎರಡೂವರೆ ತಿಂಗಳ ಮೇಲೆ ಅವನು ನೇರವಾಗಿ ನಡೆದುಕೊಂಡು ಬಂದನು. ಆ ಕಾಲೆತ್ತಿದ ಪರೀಕ್ಷೆಯನ್ನು ಕಂಡುಹಿಡಿದವರು ಯಾರೆಂದು ಕೇಳಿದನು. ನಾನು ಲಾಜಾರೆವಿಚ್ಚನ ಕಥೆಯನ್ನೆಲ್ಲ ಹೇಳಿ, ಪುಸ್ತಕಗಳಲ್ಲಿ ಲಾಸೇಗನ ಹೆಸರಿರುವುದನ್ನೂ ತಿಳಿಸಿದೆನು. ಅವನು ಆ ಸರ್ಬಿಯದ ಹೆಸರನ್ನು ಎರಡು ಸಲ ಬಾಯಲ್ಲಿ ತಿರುವಿ ನೋಡಿ, ಸೋತು, "ಲಾಸೇಗ್ ಅನ್ನೋದೇ ಸುಲಭ ಬಿಡಿ, ಮೇಷ್ಟ್ರೇ" ಎಂದು ನಗುತ್ತ ಅಂಗಡಿಗೆ ಹೊರಟುಹೋದನು.